ಮಾನಸಿಕ ಕಾಯಿಲೆಗಳ ಹೊಸ ಸಂಶೋಧನೆ, ಹೊಸ ಚಿಕಿತ್ಸೆ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

"ಖಿನ್ನತೆಗೆ ಹೊಸ ಔಷಧ", "ಸ್ಕಿಜೋಫ್ರೇನಿಯಾಕ್ಕೆ ಕಾರಣ ಸಿಕ್ಕಿತು" ಅಂತ ಪೇಪರಿನಲ್ಲಿ, ವಾಟ್ಸಾಪಿನಲ್ಲಿ ಆಗಾಗ ಸುದ್ದಿ ಬರುತ್ತದೆ. ಮನೆಯಲ್ಲಿ ಕಾಯಿಲೆಯವರು ಇದ್ದರೆ ಅಂಥ ಸುದ್ದಿ ಓದಿದಾಗ ಆಸೆ ಹುಟ್ಟುತ್ತದೆ, ಗೊಂದಲವೂ ಆಗುತ್ತದೆ. ಅವರಿಗಾಗಿ ಈ ಪುಟ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಶೋಧನೆ ನಿಜವಾಗಿಯೂ ಮುಂದೆ ಹೋಗುತ್ತಿದೆ. ಆದರೆ ಕೆಲಸ ಮಾಡುತ್ತದೆ ಅಂತ ಈಗಾಗಲೇ ಗೊತ್ತಿರುವ ಚಿಕಿತ್ಸೆಯೇ ನಮ್ಮಲ್ಲಿ ಬಹಳ ಜನರಿಗೆ ಸಿಕ್ಕಿಲ್ಲ. ಹೊಸದರ ಬಗ್ಗೆ ಓದುವಾಗ ಈ ಮಾತು ನೆನಪಿರಲಿ.

ಸ್ಕಿಜೋಫ್ರೇನಿಯಾಕ್ಕೆ ಪೂರ್ತಿ ಹೊಸ ಬಗೆಯ ಮಾತ್ರೆ ಬಂದಿದೆಯಂತೆ. ನಿಜವೇ?

ನಿಜ. ಸ್ಕಿಜೋಫ್ರೇನಿಯಾ ಎಂದರೆ ಇಲ್ಲದ ಮಾತು ಕಿವಿಗೆ ಕೇಳಿಸುವ, ಇಲ್ಲದ್ದನ್ನು ಇದೆ ಅಂತ ನಂಬುವ ತೀವ್ರ ಮಾನಸಿಕ ಕಾಯಿಲೆ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜಿನ್ ಔಷಧವನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ನೋಡಿದರು. ಅಲ್ಲಿಂದ ಶುರುವಾಗಿ 70 ವರ್ಷ ಬಂದ ಹೆಚ್ಚುಕಡಿಮೆ ಎಲ್ಲ ಔಷಧಗಳೂ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಮುಟ್ಟುವ ಜಾಗವನ್ನೇ ತಡೆಯುತ್ತಿದ್ದವು. ಹೆಸರು ಬೇರೆ, ದಾರಿ ಒಂದೇ. ಕೈ ನಡುಕ, ಮೈ ಬಿಗಿತ, ತೂಕ ಜಾಸ್ತಿ ಆಗೋದು, ಇವೂ ಜೊತೆಗೇ ಬಂದವು.

2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಕೊಬೆನ್ಫಿ ಎಂಬ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಇದು ಡೋಪಮಿನ್‌ನ ಜಾಗವನ್ನು ನೇರವಾಗಿ ಮುಟ್ಟುವುದಿಲ್ಲ. ಅಸಿಟೈಲ್‌ಕೊಲಿನ್ ಎಂಬ ಬೇರೆ ರಾಸಾಯನಿಕದ ದಾರಿ ಹಿಡಿಯುತ್ತದೆ. ಇದರ ಹುಟ್ಟಿನ ಕತೆ ಚೆನ್ನಾಗಿದೆ. ಇದರೊಳಗಿನ ಕ್ಸಾನೊಮೆಲಿನ್ ಅನ್ನು 1990ರ ದಶಕದಲ್ಲೇ ಆಲ್‌ಜೈಮರ್ ಕಾಯಿಲೆಗೆ ಅಂತ ಪರೀಕ್ಷೆ ಮಾಡಿದ್ದರು. ಆ ವಯಸ್ಸಾದ ರೋಗಿಗಳಲ್ಲಿ ಭ್ರಮೆ ಕಡಿಮೆಯಾದದ್ದು ಕಣ್ಣಿಗೆ ಬಿತ್ತು. ಆದರೆ ವಾಂತಿ, ಹೊಟ್ಟೆ ತೊಂದರೆ ತಡೆಯಲಾಗದಷ್ಟು ಇತ್ತು. ಔಷಧ ಮೂಲೆ ಸೇರಿತು. ವರ್ಷಗಳ ನಂತರ ಒಂದು ಉಪಾಯ ಹೊಳೆಯಿತು. ಮೂತ್ರದ ತೊಂದರೆಗೆ ಕೊಡುವ ಟ್ರೋಸ್ಪಿಯಂ ಎಂಬ ಹಳೆಯ ಔಷಧ ರಕ್ತದಲ್ಲಿ ಓಡಾಡುತ್ತದೆ, ಆದರೆ ಮೆದುಳಿನೊಳಗೆ ಹೋಗುವುದಿಲ್ಲ ಎನ್ನಬಹುದು. ಅದನ್ನು ಜೊತೆಗೆ ಸೇರಿಸಿದರೆ ಹೊಟ್ಟೆಯ ಮೇಲಿನ ಕಾಟ ತಗ್ಗುತ್ತದೆ, ಮೆದುಳಿನ ಕೆಲಸ ಹಾಗೇ ನಡೆಯುತ್ತದೆ. ಎರಡು ಹಳೆಯ ಔಷಧ ಸೇರಿ ಒಂದು ಹೊಸ ದಾರಿ ತೆರೆಯಿತು.

ಇನ್ನರ್ಧ ಸಂಗತಿಯನ್ನೂ ಹೇಳಬೇಕು. ಒಪ್ಪಿಗೆಗೆ ಆಧಾರವಾದ ಮುಖ್ಯ ಪರೀಕ್ಷೆಗಳು ಐದೇ ವಾರದವು. ವಾಕರಿಕೆ, ಮಲಬದ್ಧತೆ, ನಾಡಿ ಬಡಿತ ಹೆಚ್ಚಾಗೋದು ಇವೆ. ಹಳೆಯ ಔಷಧದ ಜೊತೆಗೆ ಇದನ್ನೂ ಸೇರಿಸಿ ಕೊಟ್ಟರೆ ಹೇಗೆ ಅಂತ ನೋಡಿದ ದೊಡ್ಡ ಪರೀಕ್ಷೆ 2025ರಲ್ಲಿ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ಇದೇ ರಾಸಾಯನಿಕದ ದಾರಿಯಲ್ಲಿ ಬರುತ್ತಿದ್ದ ಎಮ್ರಾಕ್ಲಿಡಿನ್ ಎಂಬ ಇನ್ನೊಂದು ಔಷಧ 2024ರ ನವೆಂಬರಿನಲ್ಲಿ ಸೋತಿತು. ದಾರಿ ಹೊಸದು. ಎಷ್ಟು ದೂರ ಕರೆದುಕೊಂಡು ಹೋಗುತ್ತದೆ ಅನ್ನೋದು ಇನ್ನು ಗೊತ್ತಾಗಬೇಕು.

ಹಾಗಾದರೆ ಈಗ ನಡೆಯುತ್ತಿರುವ ಮಾತ್ರೆ ಬಿಟ್ಟು ಅದನ್ನೇ ಕೇಳೋಣವೇ?

ಬೇಡ. ಈಗಿನ ಮಾತ್ರೆಯಲ್ಲಿ ನಿದ್ದೆ, ಊಟ, ಮಾತು ಸರಿಯಾಗಿದ್ದರೆ ಸುದ್ದಿ ಓದಿ ಬದಲಾಯಿಸಬೇಡಿ. ತೂಕ, ನಡುಕ, ಮಂಪರು ಕಾಡುತ್ತಿದ್ದರೆ ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಡೋಸ್ ಇಳಿಸಬಹುದು, ಮಾತ್ರೆ ಬದಲಾಯಿಸಬಹುದು, ತೂಕಕ್ಕೆ ಮೆಟ್‌ಫಾರ್ಮಿನ್ ಸೇರಿಸಬಹುದು. "ಡಾಕ್ಟರು ಬೈತಾರೆ" ಅಂತ ಹೇಳದೇ ಇರೋದೇ ದೊಡ್ಡ ತೊಂದರೆ.

ಎರಡು ಮೂರು ಔಷಧ ಕೊಟ್ಟರೂ ತಮ್ಮನಿಗೆ ಕಿವಿಯಲ್ಲಿ ಮಾತು ಕೇಳಿಸೋದು ನಿಂತಿಲ್ಲ. ಇನ್ನೇನೂ ಉಳಿದಿಲ್ಲವೇ?

ಉಳಿದಿದೆ. ಕ್ಲೊಜಪಿನ್ ಬಗ್ಗೆ ಕೇಳಿ. ಹಳೆಯ ಔಷಧ. ಆದರೂ ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾದಲ್ಲಿ ಇದಕ್ಕೆ ಸಮನಾದ ಇನ್ನೊಂದು ಇಂದಿಗೂ ಇಲ್ಲ. ಎರಡು ಔಷಧಗಳನ್ನು ಸರಿಯಾದ ಡೋಸಿನಲ್ಲಿ, ಸಾಕಷ್ಟು ವಾರ ಕೊಟ್ಟರೂ ಗುಣ ಕಾಣದಿದ್ದರೆ ಇದನ್ನು ಯೋಚಿಸಬೇಕು ಅಂತ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ.

ಭಯಕ್ಕೆ ಕಾರಣವೂ ಇದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಇದನ್ನು ತೆಗೆದುಕೊಂಡ ಕೆಲವರ ಬಿಳಿ ರಕ್ತಕಣ ತೀರಾ ಇಳಿದು ಸಾವು ಸಂಭವಿಸಿತು. ಔಷಧ ಹಿಂದೆ ಸರಿಯಿತು. 1988ರಲ್ಲಿ ಅಮೆರಿಕದಲ್ಲಿ ಬೇರೆ ಔಷಧಗಳಿಗೆ ಬಗ್ಗದ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು ಅದನ್ನು ವಾಪಸ್ ತಂದಿತು. ಆ ಅಧ್ಯಯನದಲ್ಲಿ ಕ್ಲೊಜಪಿನ್ ತೆಗೆದುಕೊಂಡವರಲ್ಲಿ ಶೇಕಡಾ 30 ಜನ ಚೇತರಿಸಿಕೊಂಡರು. ಹೋಲಿಕೆಗೆ ಇಟ್ಟ ಕ್ಲೋರ್‌ಪ್ರೊಮಜಿನ್‌ನಲ್ಲಿ ಬರೀ ಶೇಕಡಾ 4. ಈಗ ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಅಂತರ ಹೆಚ್ಚಿಸುತ್ತಾರೆ. 2025ರಲ್ಲಿ ಅಮೆರಿಕ ಈ ಔಷಧದ ಕಡ್ಡಾಯ ನೋಂದಣಿ ವ್ಯವಸ್ಥೆಯನ್ನು ತೆಗೆದುಹಾಕಿತು. ರಕ್ತ ಪರೀಕ್ಷೆಯ ಸಲಹೆ ಮಾತ್ರ ಹಾಗೇ ಇದೆ. ಮಲಬದ್ಧತೆಯನ್ನೂ ಹಗುರವಾಗಿ ನೋಡಬೇಡಿ. ಈ ಔಷಧದಲ್ಲಿ ಅದು ಅಪಾಯದ ಮಟ್ಟಕ್ಕೂ ಹೋಗಬಹುದು.

ನನಗೆ ನೋವಾಗುವ ಸಂಗತಿ ಎಂದರೆ, ಎಷ್ಟೋ ಮನೆಗಳಲ್ಲಿ ಈ ಔಷಧದ ಹೆಸರೇ ಕೇಳಿರುವುದಿಲ್ಲ. ಹೊಸ ಮಾತ್ರೆಯ ಸುದ್ದಿ ಗೊತ್ತಿರುತ್ತದೆ.

ಸ್ಕ್ಯಾನ್‌ನಲ್ಲೋ ರಕ್ತದಲ್ಲೋ ಮಾನಸಿಕ ಕಾಯಿಲೆ ಗೊತ್ತಾಗುತ್ತದೆಯೇ?

ಸ್ಕಿಜೋಫ್ರೇನಿಯಾ, ಬೈಪೋಲಾರ್ (ಅತಿ ಉತ್ಸಾಹ ಒಮ್ಮೆ, ಖಿನ್ನತೆ ಇನ್ನೊಮ್ಮೆ ಬರುವ ಕಾಯಿಲೆ), ಖಿನ್ನತೆ ಯಾವುದನ್ನೂ ಇಂದಿಗೂ ಯಂತ್ರ ಹೇಳುವುದಿಲ್ಲ. ಡಾಕ್ಟರು ಮಾತನಾಡಿಸಿ, ಮನೆಯವರನ್ನು ಕೇಳಿ, ದಿನಗಟ್ಟಲೆ ಗಮನಿಸಿ ನಿರ್ಧರಿಸುತ್ತಾರೆ. "ರಕ್ತ ಕೊಡಿ, ಖಿನ್ನತೆ ಇದೆಯೋ ಇಲ್ಲವೋ ಹೇಳ್ತೀವಿ" ಅನ್ನುವ ಲ್ಯಾಬಿಗೆ ದುಡ್ಡು ಕೊಡಬೇಡಿ.

ಹಾಗಂತ ಪರೀಕ್ಷೆಗಳು ವ್ಯರ್ಥ ಅಲ್ಲ. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಮೂರ್ಛೆ ರೋಗ, ಇವೆಲ್ಲ ಮನಸ್ಸಿನ ಕಾಯಿಲೆಯ ವೇಷ ಹಾಕಿಕೊಂಡು ಬರಬಹುದು. ಈ ವಿಷಯದಲ್ಲಿ ನಮ್ಮ ಕಾಲದ ದೊಡ್ಡ ಶೋಧ 2007ರಲ್ಲಿ ಬಂತು. ಹೋಸೆಪ್ ದಲ್ಮಾವು ಎಂಬ ನರರೋಗ ತಜ್ಞರ ತಂಡ ಒಂದು ಹೊಸ ಕಾಯಿಲೆಯನ್ನು ಗುರುತಿಸಿತು. ದೇಹದ ರೋಗನಿರೋಧಕ ಶಕ್ತಿಯೇ, ಮೆದುಳಿನ ನರಕೋಶಗಳು ಸಂದೇಶ ಪಡೆಯುವ ಎನ್‌ಎಂಡಿಎ ಎಂಬ ಜಾಗಗಳ ಮೇಲೆ ತಿರುಗಿಬೀಳುತ್ತದೆ. ಚೆನ್ನಾಗಿದ್ದ ಹುಡುಗಿ ಕೆಲವೇ ದಿನಗಳಲ್ಲಿ ಏನೇನೋ ಮಾತನಾಡುತ್ತಾಳೆ, ಹೆದರುತ್ತಾಳೆ, ಆಮೇಲೆ ಫಿಟ್ಸ್ ಬರುತ್ತದೆ, ಮುಖ ಕೈಗಳು ತಾವಾಗಿ ಅಲುಗಾಡುತ್ತವೆ. ಕೆಲವರಲ್ಲಿ ಅಂಡಾಶಯದ ಗಡ್ಡೆ ಇದಕ್ಕೆ ಕಾರಣ. ಸ್ಟೀರಾಯ್ಡ್ ಮತ್ತಿತರ ಚಿಕಿತ್ಸೆ ಬೇಗ ಸಿಕ್ಕರೆ ಬಹಳಷ್ಟು ಜನ ಗುಣವಾಗುತ್ತಾರೆ. ಹಾಗಾಗಿ ಇದ್ದಕ್ಕಿದ್ದಂತೆ ನಡವಳಿಕೆ ಬದಲಾಗಿ, ಜೊತೆಗೆ ಜ್ವರ, ಫಿಟ್ಸ್, ಎಚ್ಚರ ತಪ್ಪುವುದು ಇದ್ದರೆ ಒಂದು ದಿನವೂ ಕಾಯಬೇಡಿ. ದೊಡ್ಡ ಆಸ್ಪತ್ರೆಗೆ ಹೋಗಿ.

ಅಪ್ಪನಿಗೆ ಇತ್ತು. ಮಕ್ಕಳಿಗೂ ಬರುತ್ತದೆಯೇ?

ಸಾಧ್ಯತೆ ಜಾಸ್ತಿ, ಖಚಿತ ಅಲ್ಲ. ಸ್ಕಿಜೋಫ್ರೇನಿಯಾ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ ಸುಮಾರು ನೂರಕ್ಕೆ ಹತ್ತು. ಅಂದರೆ ತೊಂಬತ್ತು ಮಕ್ಕಳಿಗೆ ಬರುವುದಿಲ್ಲ. ಸಂಬಂಧ ನೋಡುವಾಗ ಈ ಲೆಕ್ಕವನ್ನು ಎರಡೂ ಕಡೆಯವರು ತಿಳಿದಿದ್ದರೆ ಎಷ್ಟೋ ಮನೆಗಳ ಕಣ್ಣೀರು ಉಳಿಯುತ್ತಿತ್ತು.

ಒಂದೇ ಜೀನ್ ಹುಡುಕಿ ಕಾಯಿಲೆ ತೆಗೆಯಬಹುದು ಅನ್ನುವ ಆಸೆ ಮಾತ್ರ ಮುಗಿದಿದೆ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಸ್ಕಿಜೋಫ್ರೇನಿಯಾ ಇದ್ದ 76,755 ಜನರ ಡಿಎನ್‌ಎ ನೋಡಿದರು. ಕಾಯಿಲೆಗೆ ಸಂಬಂಧಪಟ್ಟ 287 ಜಾಗಗಳು ಸಿಕ್ಕವು. ಸಾಮಾನ್ಯವಾಗಿ ಕಾಣುವ ಈ ವ್ಯತ್ಯಾಸಗಳಲ್ಲಿ ಒಂದೊಂದರ ಪ್ರಭಾವವೂ ಬಹಳ ಚಿಕ್ಕದು.

ಇಲ್ಲಿ ಬೆಂಗಳೂರಿನ ಕೆಲಸವೊಂದಿದೆ, ಹೆಮ್ಮೆಯಿಂದ ಹೇಳಬಹುದು. ನಿಮ್ಹಾನ್ಸ್ ಜೊತೆ ಎನ್‌ಸಿಬಿಎಸ್, ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳು ಸೇರಿ, ಒಂದೇ ಮನೆಯಲ್ಲಿ ಹಲವರಿಗೆ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ದೀರ್ಘಕಾಲ ಅಧ್ಯಯನ ಮಾಡುತ್ತಿವೆ. ಅವರಿಂದ ರಕ್ತ ತೆಗೆದು, ಅದರ ಜೀವಕೋಶಗಳನ್ನು ಕಾಂಡಕೋಶಗಳಾಗಿ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶಗಳು) ಬದಲಾಯಿಸಿ, ಅದರಿಂದ ನರಕೋಶ ಬೆಳೆಸುತ್ತಾರೆ. ಬದುಕಿರುವ ಮನುಷ್ಯನ ಮೆದುಳನ್ನು ಬಿಚ್ಚಿ ನೋಡುವ ಹಾಗಿಲ್ಲ. ಆದರೆ ಅವನದೇ ಜೀನ್ ಇರುವ ನರಕೋಶವನ್ನು ತಟ್ಟೆಯಲ್ಲಿ ನೋಡಬಹುದು. ಹೊರದೇಶದಲ್ಲಿ ಇಂಥ ವಿಧಾನದಿಂದಲೇ 2015ರಲ್ಲಿ ಒಂದು ಸಂಗತಿ ತಿಳಿಯಿತು. ಬೈಪೋಲಾರ್ ಇರುವವರ ನರಕೋಶಗಳು ಅತಿಯಾಗಿ ಚುರುಕಾಗಿದ್ದವು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಎಂಬ ಔಷಧ ಹಾಕಿದಾಗ, ಲಿಥಿಯಂನಿಂದ ಗುಣ ಕಂಡಿದ್ದವರ ಕೋಶಗಳು ಮಾತ್ರ ಶಾಂತವಾದವು. ಯಾರಿಗೆ ಯಾವ ಔಷಧ ಹಿಡಿಸುತ್ತದೆ ಅಂತ ಮೊದಲೇ ಹೇಳುವ ದಿನಕ್ಕೆ ಇದು ಒಂದು ಹೆಜ್ಜೆ.

ಖಿನ್ನತೆಗೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕದ ಕೊರತೆ ಕಾರಣ ಅನ್ನೋದು ಸುಳ್ಳಂತೆ. ಹಾಗಾದರೆ ಮಾತ್ರೆಯೂ ಸುಳ್ಳೇ?

ಎರಡೂ ಬೇರೆ ಪ್ರಶ್ನೆಗಳು. 2022ರಲ್ಲಿ ಲಂಡನ್ನಿನ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, "ಸೆರೊಟೋನಿನ್ ಕಡಿಮೆಯಾದ್ದರಿಂದಲೇ ಖಿನ್ನತೆ" ಎನ್ನಲು ಗಟ್ಟಿ ಆಧಾರ ಇಲ್ಲ ಎಂದರು. ಬಹಳಷ್ಟು ಮನೋವೈದ್ಯರು ಆ ಸರಳ ವಿವರಣೆಯನ್ನು ಮೊದಲೇ ಕೈಬಿಟ್ಟಿದ್ದರು.

ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ನೋಡಲು ಬೇರೆ ಅಧ್ಯಯನ ಬೇಕು. 2018ರಲ್ಲಿ 522 ಪರೀಕ್ಷೆಗಳು, 1,16,477 ಜನರ ಮಾಹಿತಿ ಸೇರಿಸಿ 21 ಔಷಧಗಳನ್ನು ತೂಗಿದರು. ದೊಡ್ಡವರ ಖಿನ್ನತೆಯಲ್ಲಿ 21 ಔಷಧವೂ ಸುಳ್ಳು ಮಾತ್ರೆಗಿಂತ (ಹೋಲಿಕೆಗೆ ಕೊಡುವ, ಔಷಧವೇ ಇಲ್ಲದ ಮಾತ್ರೆ) ಮೇಲೆಯೇ ಇದ್ದವು. ಆದರೆ ಸರಾಸರಿ ವ್ಯತ್ಯಾಸ ತುಂಬಾ ದೊಡ್ಡದಲ್ಲ. ಕೆಲವರಿಗೆ ಜೀವ ಬಂದ ಹಾಗಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಪ್ಯಾರಾಸಿಟಮಾಲ್ ತಲೆನೋವು ಇಳಿಸುತ್ತದೆ, ಹಾಗಂತ ತಲೆನೋವಿಗೆ ಪ್ಯಾರಾಸಿಟಮಾಲ್ ಕೊರತೆ ಕಾರಣ ಅಲ್ಲ, ಅಲ್ವಾ? ಇದೂ ಹಾಗೆಯೇ.

ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕೇ?

ಖಿನ್ನತೆಯಲ್ಲಿ ಎಲ್ಲರಿಗೂ ಹಾಗಿಲ್ಲ. ಇಂಗ್ಲೆಂಡಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಕೇಳಿತು. ಬಹಳ ಕಾಲದಿಂದ ಮಾತ್ರೆ ತೆಗೆದುಕೊಂಡು, ಈಗ ಚೆನ್ನಾಗಿದ್ದು, ಬಿಡಬೇಕು ಅಂತ ಯೋಚಿಸುತ್ತಿದ್ದವರನ್ನು ಎರಡು ಗುಂಪು ಮಾಡಿದರು. ನಿಧಾನವಾಗಿ ಬಿಟ್ಟವರಲ್ಲಿ ವರ್ಷದೊಳಗೆ ಶೇಕಡಾ 56 ಜನರಿಗೆ ಖಿನ್ನತೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಶೇಕಡಾ 39. ಅಂದರೆ ಬಿಟ್ಟರೂ ಹತ್ತಿರ ಹತ್ತಿರ ಅರ್ಧ ಜನ ಚೆನ್ನಾಗಿದ್ದರು. ಮುಂದುವರಿಸಿದರೂ ಕೆಲವರಿಗೆ ಮತ್ತೆ ಬಂತು. ಇದನ್ನು ಡಾಕ್ಟರ ಜೊತೆ ಕೂತು ನಿರ್ಧರಿಸಬೇಕು.

ಥಟ್ಟನೆ ನಿಲ್ಲಿಸಿದರೆ ತಲೆ ಸುತ್ತು, ಕಿರಿಕಿರಿ, ನಿದ್ದೆಗೇಡು, ಮೈಯಲ್ಲಿ ಕರೆಂಟ್ ಹೊಡೆದಂಥ ಅನುಭವ ಬರಬಹುದು. ವಾರಗಳು, ಕೆಲವೊಮ್ಮೆ ತಿಂಗಳುಗಳ ಕಾಲ ಸ್ವಲ್ಪಸ್ವಲ್ಪವೇ ಇಳಿಸಬೇಕು. ಸ್ಕಿಜೋಫ್ರೇನಿಯಾ, ಬೈಪೋಲಾರ್‌ಗಳಲ್ಲಿ ಬಿಡುವುದರ ಅಪಾಯ ಇನ್ನೂ ಜಾಸ್ತಿ. ಅಲ್ಲಿ ಮನೆಯಲ್ಲೇ ಪ್ರಯೋಗ ಮಾಡಬಾರದು.

ಕೆಟಮಿನ್ ಕೆಲವೇ ಗಂಟೆಗಳಲ್ಲಿ ಖಿನ್ನತೆ ಇಳಿಸುತ್ತದಂತೆ?

ಹೌದು, ಕೆಲವರಲ್ಲಿ. ಕೆಟಮಿನ್ ಆಪರೇಷನ್‌ಗೆ ಅರಿವಳಿಕೆ ಕೊಡಲು ದಶಕಗಳಿಂದ ಬಳಸುವ ಔಷಧ. ಸಣ್ಣ ಡೋಸ್ ಕೊಟ್ಟರೆ ಸಾಯಬೇಕು ಅನ್ನುವ ಯೋಚನೆಯೂ ಸೇರಿ ಮನಸ್ಸಿನ ಭಾರ ಗಂಟೆಗಳಲ್ಲಿ ಹಗುರಾಗಬಹುದು. ಮಾಮೂಲಿ ಮಾತ್ರೆಗೆ ವಾರಗಳು ಬೇಕು. 2019ರಲ್ಲಿ ಇದರ ಒಂದು ರೂಪ, ಎಸ್‌ಕೆಟಮಿನ್ ಎಂಬ ಮೂಗಿನ ಸ್ಪ್ರೇ, ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ತೊಂದರೆ ಎಂದರೆ ಪರಿಣಾಮ ಬೇಗ ಇಳಿಯುತ್ತದೆ, ಮತ್ತೆ ಮತ್ತೆ ಕೊಡಬೇಕು. ರಕ್ತದೊತ್ತಡ ಏರುತ್ತದೆ. ಚಟವೂ ಆಗಬಹುದು. ಮೂತ್ರಕೋಶಕ್ಕೂ ಪೆಟ್ಟು ಬೀಳಬಹುದು. ಆಸ್ಪತ್ರೆಯಲ್ಲಿ, ಕಣ್ಣೆದುರಲ್ಲೇ ಕೊಡಬೇಕಾದ ಔಷಧ ಇದು.

ಅಣಬೆಯಿಂದ, ಅಮಲು ಪದಾರ್ಥಗಳಿಂದ ಚಿಕಿತ್ಸೆ?

ಸಿಲೊಸೈಬಿನ್ ಎಂಬ ಅಣಬೆಯ ಅಂಶದ ಮೇಲೆ ಗಂಭೀರ ಪರೀಕ್ಷೆ ನಡೆಯುತ್ತಿದೆ. 2023ರ ಜುಲೈನಿಂದ ಆಸ್ಟ್ರೇಲಿಯಾ ಅನುಮತಿ ಪಡೆದ ಮನೋವೈದ್ಯರಿಗೆ ಇದನ್ನೂ, ಎಂಡಿಎಂಎ ಎಂಬ ಅಮಲು ಪದಾರ್ಥವನ್ನೂ ಬರೆದುಕೊಡಲು ಬಿಟ್ಟಿತು. 2024ರ ಆಗಸ್ಟಿನಲ್ಲಿ ಅಮೆರಿಕ ಎಂಡಿಎಂಎಗೆ ಒಪ್ಪಿಗೆ ನಿರಾಕರಿಸಿತು. ಇಂಥ ಪರೀಕ್ಷೆಯಲ್ಲಿ ಮೂಲ ತೊಡಕು ಒಂದಿದೆ. ನಿಜವಾದ ಔಷಧ ಯಾರಿಗೆ ಸಿಕ್ಕಿತು ಅನ್ನೋದು ಅವರಿಗೇ ಗೊತ್ತಾಗಿಬಿಡುತ್ತದೆ. ಭಾರತದಲ್ಲಿ ಇವು ಕಾನೂನಿಗೆ ವಿರುದ್ಧ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದರೆ ಇವು ಇನ್ನೂ ಅಪಾಯ. ಹತ್ತಿರ ಹೋಗಬೇಡಿ.

ಶಾಕ್ ಟ್ರೀಟ್‌ಮೆಂಟ್ ಇನ್ನೂ ಕೊಡುತ್ತಾರೆಯೇ? ಅದು ಕ್ರೂರ ಅಲ್ಲವೇ?

ಕೊಡುತ್ತಾರೆ, ಕೊಡಲೂಬೇಕು. ಸಿನಿಮಾ ನೋಡಿ ಹುಟ್ಟಿದ ಭಯ ಎಷ್ಟೋ ಜನರನ್ನು ಈ ಚಿಕಿತ್ಸೆಯಿಂದ ದೂರ ಇಟ್ಟಿದೆ. 1938ರಲ್ಲಿ ರೋಮ್‌ನಲ್ಲಿ ಶುರುವಾದಾಗ ಅರಿವಳಿಕೆ ಇರಲಿಲ್ಲ. ಈಗ ಪೂರ್ತಿ ನಿದ್ದೆ ಬರಿಸಿ, ಸ್ನಾಯು ಸಡಿಲಗೊಳಿಸಿ ಕೊಡುತ್ತಾರೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ಅರಿವಳಿಕೆ ಇಲ್ಲದೆ ಕೊಡುವುದನ್ನು ನಿಷೇಧಿಸಿದೆ. ಊಟ, ನೀರು ಬಿಟ್ಟು ಮಲಗಿದವರಲ್ಲಿ, ಆತ್ಮಹತ್ಯೆಯ ಯೋಚನೆ ತೀವ್ರವಾಗಿರುವವರಲ್ಲಿ, ಮಾತು ಚಲನೆ ನಿಂತು ಕಲ್ಲಿನ ಹಾಗಾದವರಲ್ಲಿ ಇದು ಜೀವ ಉಳಿಸುತ್ತದೆ. ಮರೆವು ಆಗುತ್ತದೆ, ನಿಜ. ಹೆಚ್ಚಿನವರಲ್ಲಿ ವಾರಗಳಲ್ಲಿ ಸುಧಾರಿಸುತ್ತದೆ. ಕೆಲವರಿಗೆ ಆ ದಿನಗಳ ನೆನಪು ವಾಪಸ್ ಬರುವುದಿಲ್ಲ.

2023ರಲ್ಲಿ ಅಮೆರಿಕದಲ್ಲಿ ಇದನ್ನು ಕೆಟಮಿನ್ ಜೊತೆ ಹೋಲಿಸಿದರು. ಭ್ರಮೆ ಇಲ್ಲದ, ಮಾತ್ರೆಗೆ ಬಗ್ಗದ ಖಿನ್ನತೆಯಲ್ಲಿ ಕೆಟಮಿನ್ ಇದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಭ್ರಮೆಯೂ ಇರುವ ತೀವ್ರ ಖಿನ್ನತೆಯವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಸುದ್ದಿಯಲ್ಲಿ ಈ ಮಾತು ಬಿಟ್ಟುಹೋಗುತ್ತದೆ.

ಕಾಂತದ ಚಿಕಿತ್ಸೆ ಅಂದರೆ?

ಟಿಎಂಎಸ್. ತಲೆಯ ಹೊರಗೆ ಸುರುಳಿ ಇಟ್ಟು ಕಾಂತಶಕ್ತಿಯ ತುಣುಕುಗಳನ್ನು ಕಳಿಸುತ್ತಾರೆ. ಎಚ್ಚರವಾಗಿಯೇ ಇರುತ್ತೀರಿ. ಮೊದಲು ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು, ವಾರಗಟ್ಟಲೆ ಕೊಡುತ್ತಿದ್ದರು. ಮೂರೇ ನಿಮಿಷದ ಹೊಸ ಕ್ರಮವೂ ಅಷ್ಟೇ ಗುಣ ಕೊಡುತ್ತದೆ ಅಂತ 2018ರಲ್ಲಿ ಗೊತ್ತಾಯಿತು. ದಿನಕ್ಕೆ ಹತ್ತು ಬಾರಿಯಂತೆ ಐದೇ ದಿನದಲ್ಲಿ ಮುಗಿಸುವ ಸ್ಟ್ಯಾನ್‌ಫರ್ಡ್ ಕ್ರಮಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ನಿಮ್ಹಾನ್ಸ್‌ನಲ್ಲಿ, ನೆತ್ತಿಯ ಮೂಲಕ ತೀರಾ ಕಡಿಮೆ ಕರೆಂಟ್ ಹಾಯಿಸಿ ಕಿವಿಯಲ್ಲಿ ಕೇಳುವ ಧ್ವನಿಗಳನ್ನು ತಗ್ಗಿಸುವ ಸಂಶೋಧನೆ ನಡೆದಿದೆ.

ಬಾಣಂತಿಗೆ ಸುಮ್ನೆ ಸುಮ್ನೆ ಅಳು ಬರುತ್ತದೆ, ಮಗು ಕಡೆ ನೋಡುವುದಿಲ್ಲ. ಇದೂ ಕಾಯಿಲೆಯೇ?

ಎರಡು ವಾರ ದಾಟಿದರೆ ಹೌದು, ತೋರಿಸಬೇಕು. ಹೆರಿಗೆಯ ನಂತರದ ಖಿನ್ನತೆಗೆ ಕೊಡಲು ಜುರಾನೊಲೋನ್ ಎಂಬ ಮಾತ್ರೆಗೆ 2023ರ ಆಗಸ್ಟಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 14 ದಿನ ಮಾತ್ರ ತೆಗೆದುಕೊಳ್ಳುವ ಮಾತ್ರೆ ಅದು. ಇಲ್ಲಿ ಸಿಗುವ ಮಾಮೂಲಿ ಔಷಧಗಳೂ ಕೆಲಸ ಮಾಡುತ್ತವೆ. ಕೆಲವನ್ನು ಹಾಲುಣಿಸುವಾಗಲೂ ಕೊಡಬಹುದು.

ನಮ್ಮ ಕಡೆ ಬಾಣಂತಿ ಸನ್ನಿ ಅನ್ನುವುದು ಇದಕ್ಕಿಂತ ತೀವ್ರ. ನಿದ್ದೆ ಇಲ್ಲ, ಅಸಂಬದ್ಧ ಮಾತು, ಮಗು ತನ್ನದಲ್ಲ ಅನ್ನುವುದು. ಇದು ತುರ್ತು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ.

ಯೋಗ, ನಡಿಗೆ ಇವೆಲ್ಲ ಸಾಕಾಗುವುದಿಲ್ಲವೇ?

ಸಣ್ಣ ಮಟ್ಟದ ಖಿನ್ನತೆಯಲ್ಲಿ ಸಾಕಾಗಬಹುದು. 2024ರಲ್ಲಿ 218 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದಾಗ ನಡಿಗೆ, ಓಟ, ಯೋಗ, ತೂಕ ಎತ್ತುವುದು ಎಲ್ಲವೂ ಖಿನ್ನತೆ ತಗ್ಗಿಸಿದ್ದು ಕಂಡಿತು. ಸ್ಕಿಜೋಫ್ರೇನಿಯಾದಲ್ಲಿ ಯೋಗವನ್ನು ಔಷಧದ ಜೊತೆಗೆ ಕೊಟ್ಟು ನೋಡುವ ಕೆಲಸವನ್ನು ನಿಮ್ಹಾನ್ಸ್ ವರ್ಷಗಳಿಂದ ಮಾಡಿದೆ. ಮಂಕುತನ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಅಲ್ಲಿ ಯೋಗದಿಂದ ಸಹಾಯ ಕಂಡಿದೆ. "ಜೊತೆಗೆ" ಅನ್ನುವುದನ್ನು ಮಾತ್ರ ಮರೆಯಬೇಡಿ.

ಇದೆಲ್ಲ ಬೆಂಗಳೂರಿನವರಿಗೆ ಸರಿ. ನಮ್ಮ ತಾಲ್ಲೂಕಿನಲ್ಲಿ ಮನೋವೈದ್ಯರೇ ಇಲ್ಲ. ನಮಗೇನು?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಶೋಧನೆ ಇಲ್ಲೇ ಇದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡಾ 10.6 ಜನರಿಗೆ ಮಾನಸಿಕ ತೊಂದರೆ ಇರುವುದು ಕಂಡಿತು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇಕಡಾ 70ರಿಂದ 92. ಈ ಸಂಖ್ಯೆ ಓದಿದಾಗ ಹೊಸ ಮಾತ್ರೆಯ ಸುದ್ದಿ ಸಣ್ಣದಾಗುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ 2005ರಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಗಮನಿಸಿತು. ಔಷಧ ಮುಂದುವರಿಸಿದವರ ಕಷ್ಟ ಕಡಿಮೆಯಾಯಿತು, ಕೆಲಸ ಕಾರ್ಯಕ್ಕೆ ಮರಳುವುದು ಸಾಧ್ಯವಾಯಿತು. ಬಳಸಿದ್ದು ದುಬಾರಿ ಹೊಸ ಔಷಧವಲ್ಲ. ಇದಕ್ಕೂ ಮೊದಲು, 1980ರ ದಶಕದಲ್ಲಿ, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನೋಡಿದರು. ಆ ಮಾದರಿಯಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ಬೇರೆ ಜಿಲ್ಲೆಗಳಿಗೂ ಹರಡಿತು.

ಗೋವಾದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ ಡಾಕ್ಟರೂ ಅಲ್ಲದ, ಮನಶ್ಶಾಸ್ತ್ರ ಓದಿಯೂ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟಿತು. ಅವರು ಖಿನ್ನತೆ ಇರುವವರ ಜೊತೆ ಆರರಿಂದ ಎಂಟು ಸಲ ಕೂತು ಮಾತನಾಡಿದರು. ದಿನದಲ್ಲಿ ಏನು ಮಾಡಬೇಕು, ಯಾರನ್ನು ಭೇಟಿಯಾಗಬೇಕು ಅಂತ ಸಣ್ಣ ಸಣ್ಣ ಯೋಜನೆ ಹಾಕಿದರು. ಮೂರು ತಿಂಗಳಿಗೆ ಅವರಲ್ಲಿ ಶೇಕಡಾ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 39. ಇದು 2017ರಲ್ಲಿ ಪ್ರಕಟವಾಯಿತು.

ನೀವು ಈಗಲೇ ಮಾಡಬಹುದಾದದ್ದು: 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾಯಿತು. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವನ್ನು ಕೇಳಿ. ನಿಮ್ಮೂರ ಆಶಾ ಕಾರ್ಯಕರ್ತೆಗೆ ಅಲ್ಲಿನ ದಿನ, ಸಮಯ ಗೊತ್ತಿರುತ್ತದೆ.

ದೇವಸ್ಥಾನ, ದರ್ಗಾಕ್ಕೆ ಹೋಗುವುದನ್ನು ಬಿಡಬೇಕೇ?

ಹೋಗಿ. ಮಾತ್ರೆಯನ್ನೂ ತೆಗೆದುಕೊಂಡು ಹೋಗಿ. ಸರಪಳಿ ಹಾಕುವುದು, ಹೊಡೆಯುವುದು, ಉಪವಾಸ ಕೆಡವುವುದು ಇದ್ದರೆ ಅಲ್ಲಿಂದ ತಕ್ಷಣ ಕರೆದುಕೊಂಡು ಬನ್ನಿ. ಸರಪಳಿ ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ನಮ್ಮವರನ್ನು ಇಂಥ ಸಂಶೋಧನೆಗೆ ಸೇರಿಸಬಹುದೇ?

ಸೇರಿಸಬಹುದು. ಭಾರತದಲ್ಲಿ ನಡೆಯುವ ಔಷಧ ಪರೀಕ್ಷೆಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ಇರಬೇಕು. 2007ರಲ್ಲಿ ಶುರುವಾದ ಇದನ್ನು ಯಾರು ಬೇಕಾದರೂ ಇಂಟರ್‌ನೆಟ್ಟಿನಲ್ಲಿ ನೋಡಬಹುದು. ಸಹಿ ಹಾಕುವ ಮೊದಲು ನೋಂದಣಿ ಸಂಖ್ಯೆ ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಅನ್ನಿ, ಮನೆಗೆ ತಂದು ಓದಿ. ಸುಳ್ಳು ಮಾತ್ರೆಯ ಗುಂಪಿಗೆ ಬೀಳುವ ಸಾಧ್ಯತೆ ಎಷ್ಟು, ಈಗಿನ ಔಷಧ ನಿಲ್ಲಿಸುತ್ತಾರೆಯೇ, ತೊಂದರೆಯಾದರೆ ಖರ್ಚು ಯಾರದು, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಪರೀಕ್ಷೆ ಮುಗಿದ ಮೇಲೆ ಔಷಧ ಸಿಗುತ್ತದೆಯೇ ಎಂದು ಕೇಳಿ. ಯಾವ ದಿನ ಬೇಕಾದರೂ ಕಾರಣ ಹೇಳದೆ ಹೊರಬರುವ ಹಕ್ಕು ನಿಮಗಿದೆ. ಹೊರಬಂದರೂ ಅದೇ ಆಸ್ಪತ್ರೆಯಲ್ಲಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.